ಎರಡು ಆಯ್ಕೆಗಳ ನಡುವೆ ಸಿಕ್ಕಿಕೊಂಡರೆ ಗುರುತು ಹಾಕಬೇಕೇ, ಬಿಟ್ಟು ಬರಬೇಕೇ?

ಸಿಂದಗಿ ಹುಡುಗ
ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ ಕೋಣೆ ಹಿಡಿದು ಎರಡು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಕಳೆದ ಸಲ ಬರೆದ ನೇಮಕಾತಿ ಪರೀಕ್ಷೆ ಒಂದೂಕಾಲು ಅಂಕದಲ್ಲಿ ಕೈತಪ್ಪಿತು. ನೂರು ಪ್ರಶ್ನೆ, ಒಂದೊಂದು ಅಂಕ, ತಪ್ಪಿದರೆ ಕಾಲು ಅಂಕ ಕಡಿತ. ನಾನು 71ಕ್ಕೆ ಗುರುತು ಹಾಕಿ 29 ಖಾಲಿ ಬಿಟ್ಟು ಬಂದೆ. ತರಬೇತಿಯ ಮೊದಲ ದಿನವೇ ಕಿವಿಗೆ ಬಿದ್ದ ಮಾತು: "ಖಚಿತವಿಲ್ಲದ್ದನ್ನು ಮುಟ್ಟಬೇಡ." ಮುಟ್ಟಲಿಲ್ಲ.

ಪಕ್ಕದ ಕೋಣೆಯವನು ನೂರಕ್ಕೆ ನೂರೂ ತುಂಬಿ ಬಂದ. ಓದಿನಲ್ಲಿ ನನಗಿಂತ ಮುಂದಿದ್ದೇನೆ ಎಂದು ಅವನೂ ಹೇಳುವುದಿಲ್ಲ. ಅವನ ಹೆಸರು ಪಟ್ಟಿಯಲ್ಲಿದೆ. ನಿನ್ನೆ ಕರೆದುಕೊಂಡು ಹೋಗಿ ಚಹಾ, ಗಿರ್ಮಿಟ್ ಕೊಡಿಸಿದ. ತಿಂದೆ, ಆದರೆ ಗಂಟಲಲ್ಲಿ ಇಳಿಯಲಿಲ್ಲ.

ಬಿಟ್ಟ 29ರಲ್ಲಿ 12 ಪ್ರಶ್ನೆಗಳಿಗೆ ಎರಡು ಆಯ್ಕೆಗಳನ್ನು ಹೊಡೆದುಹಾಕಿ ಉಳಿದೆರಡರ ನಡುವೆ ತೂಗಾಡಿದ್ದೆ. ಮನಸ್ಸು ವಾಲಿದ ಕಡೆ ಪ್ರಶ್ನೆಪುಸ್ತಿಕೆಯಲ್ಲಿ ಚುಕ್ಕಿಯನ್ನೂ ಇಟ್ಟಿದ್ದೆ. ಓಎಂಆರ್ ಹಾಳೆಯಲ್ಲಿ ವೃತ್ತ ತುಂಬುವ ಧೈರ್ಯ ಬರಲಿಲ್ಲ. ಇಂಥ ಕಡೆ ನೀವೆಲ್ಲ ಏನು ಮಾಡುತ್ತೀರಿ?

ಮೂರನೇ ಪ್ರಯತ್ನ
ಬಿಟ್ಟು ಬಂದದ್ದೇ ಸರಿ. ಗೊತ್ತಿಲ್ಲದೆ ತುಂಬುವುದು ಓಸಿ ಜೂಜು ಆಡಿದಂತೆ. ಒಬ್ಬನಿಗೆ ಹತ್ತಿತು ಎಂದು ಊರೆಲ್ಲ ಆಡಿದರೆ ಮನೆ ಉಳಿಯುತ್ತದೆಯೇ?

ಜಮಖಂಡಿ ಮಾಸ್ತರ
ಓಸಿಯ ಲೆಕ್ಕ ಆಡಿಸುವವನ ಕಡೆಗೆ ವಾಲಿರುತ್ತದೆ. ಕಾಲು ಅಂಕ ಕಡಿತವಿರುವ ಪರೀಕ್ಷೆಯ ಲೆಕ್ಕ ಬರೆಯುವವನ ಕಡೆಗೆ ವಾಲಿದೆ. ಹೋಲಿಕೆ ಅಲ್ಲಿಯೇ ಮುರಿದುಬಿತ್ತು.

ತಮ್ಮಾ, ಒಂದು ಹಾಳೆ ತೆಗೆದುಕೋ. ನಾಲ್ಕು ಆಯ್ಕೆಗಳಿರುವ ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೂ ನಾಲ್ಕರಲ್ಲಿ ಒಂದು ಸರಿಯಾಗುತ್ತದೆ, ಮೂರು ತಪ್ಪುತ್ತವೆ. ಬಂದದ್ದು 1, ಹೋದದ್ದು ಮುಕ್ಕಾಲು. ನಾಲ್ಕು ಪ್ರಶ್ನೆಗೆ ಕಾಲು ಅಂಕ ಲಾಭ, ಅಂದರೆ ಪ್ರಶ್ನೆಗೆ 0.0625. ಇದು ಪುಡಿಕಾಸು, ಬಿಡು. ಒಂದು ಆಯ್ಕೆಯನ್ನು ಖಚಿತವಾಗಿ ಹೊಡೆದುಹಾಕಿದರೆ ಮೂರು ಪ್ರಶ್ನೆಗೆ 1 ಬರುತ್ತದೆ, ಅರ್ಧ ಹೋಗುತ್ತದೆ. ಎರಡನ್ನು ಹೊಡೆದುಹಾಕಿದರೆ ಎರಡು ಪ್ರಶ್ನೆಗೆ 1 ಬರುತ್ತದೆ, ಕಾಲು ಹೋಗುತ್ತದೆ. ಪ್ರಶ್ನೆಗೆ 0.375 ಅಂಕ ನಿನ್ನ ಜೇಬಿಗೆ.

ನಿನ್ನ ಹನ್ನೆರಡು ಪ್ರಶ್ನೆಗಳನ್ನು ಅದರಿಂದ ಗುಣಿಸಿದರೆ ನಾಲ್ಕೂವರೆ. ನಿನಗೆ ಕಡಿಮೆ ಬಿದ್ದದ್ದು ಒಂದೂಕಾಲು.

ಸಿಂದಗಿ ಹುಡುಗ
ಗುರುಗಳೇ, ಇದನ್ನು ಓದಿದ ಮೇಲೆ ಈ ರಾತ್ರಿ ನಿದ್ದೆ ಬರುವುದಿಲ್ಲ.

ಕೃಷ್ಣಾ ತೀರ
ಮಾಸ್ತರರ ಲೆಕ್ಕ ಸರಿ. ಆದರೆ ಅದನ್ನು ಎಲ್ಲ ಪರೀಕ್ಷೆಗಳಿಗೂ ಹೊದಿಸಬೇಡಿ. ಯುಪಿಎಸ್‌ಸಿ ಪೂರ್ವಭಾವಿಯಲ್ಲಿ ಕಡಿತ ಮೂರನೇ ಒಂದು ಭಾಗ. ಅಲ್ಲಿ ಕಣ್ಣು ಮುಚ್ಚಿ ಹಾಕಿದರೆ ಒಂದು ಸರಿಗೆ ಬಂದ ಅಂಕ ಮೂರು ತಪ್ಪುಗಳಿಗೆ ಪೂರ್ತಿ ಹೋಗುತ್ತದೆ, ಲಾಭ ಸೊನ್ನೆ. ಒಂದಾದರೂ ಆಯ್ಕೆಯನ್ನು ಹೊಡೆದುಹಾಕಿದರೆ ಮಾತ್ರ ಕೈ ಹಾಕಿ. ಕೆಎಎಸ್ ಪೂರ್ವಭಾವಿಯಲ್ಲಿ ಕಾಲು ಭಾಗ. ಪ್ರಶ್ನೆಗೆ ಎರಡು ಅಂಕವಿರುವುದರಿಂದ ತಪ್ಪಿಗೆ ಅರ್ಧ ಅಂಕ ಹೋಗುತ್ತದೆ. ನೀಟ್‌ನಲ್ಲಿ ಸರಿಗೆ 4, ತಪ್ಪಿಗೆ 1, ಅದೂ ಕಾಲು ಭಾಗವೇ.

ಅಥಣಿ ಅಕ್ಕ
ಕಡಿತವೇ ಇಲ್ಲದ ಪರೀಕ್ಷೆಗಳೂ ಇವೆ ಎಂಬುದನ್ನು ದಯವಿಟ್ಟು ಮಕ್ಕಳಿಗೆ ಹೇಳಿ. ನನ್ನ ಮಗಳು ಸಿಇಟಿಯಲ್ಲಿ ಗಣಿತದ ಆರು ಪ್ರಶ್ನೆಗಳನ್ನು ಖಾಲಿ ಬಿಟ್ಟು ಬಂದಳು. ಏಕೆ ಎಂದು ಕೇಳಿದರೆ "ನೆಗೆಟಿವ್ ಇರುತ್ತದಲ್ಲ ಅಮ್ಮಾ" ಎಂದಳು. ನೀಟ್‌ನ ಭಯವನ್ನು ಸಿಇಟಿಗೂ ಹೊತ್ತುಕೊಂಡು ಹೋಗಿದ್ದಳು. ಅರವತ್ತು ಪ್ರಶ್ನೆಗೆ ಎಂಬತ್ತು ನಿಮಿಷ, ಕೊನೆಯ ಅರ್ಧ ನಿಮಿಷದಲ್ಲಿ ಆರು ವೃತ್ತ ತುಂಬಿದ್ದರೆ ಏನು ಹೋಗುತ್ತಿತ್ತು?

ರೊಟ್ಟಿಬುತ್ತಿ
ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯಲ್ಲಿಯೂ ಕಡಿತವಿಲ್ಲ. 150 ಪ್ರಶ್ನೆ, ಸಾಮಾನ್ಯ ವರ್ಗಕ್ಕೆ 90 ಬಂದರೆ ಅರ್ಹತೆ. ನನ್ನ ಗೆಳತಿಗೆ 88 ಬಂತು, ಬಿಟ್ಟದ್ದು ಹದಿನಾಲ್ಕು. ಇಂದಿಗೂ ಆ ವಿಷಯ ಎತ್ತಿದರೆ ಎದ್ದು ಒಳಗೆ ಹೋಗುತ್ತಾಳೆ.

ಬಾರಾಕಮಾನ್
ಖಾಲಿ ಬಿಡುವ ಮಹಾಶಯರೇ, ಹೊಸದೊಂದು ಬಂದಿದೆ, ನೋಡಿಕೊಳ್ಳಿ. ಈಚಿನ ಕೆಲವು ನೇಮಕಾತಿ ಪರೀಕ್ಷೆಗಳ ಓಎಂಆರ್‌ನಲ್ಲಿ ಐದನೇ ವೃತ್ತವಿದೆ. ಉತ್ತರ ಬರೆಯುವುದಿಲ್ಲ ಎಂದಾದರೆ ಆ ಐದನೆಯದನ್ನು ತುಂಬಬೇಕು. ಐದರಲ್ಲಿ ಯಾವುದನ್ನೂ ತುಂಬದೆ ಬಂದರೆ ಅದಕ್ಕೂ ಕಾಲು ಅಂಕ ಕತ್ತರಿ. ಪ್ರತಿ ಪರೀಕ್ಷೆಯ ಸೂಚನೆಯನ್ನು ಆಯಾ ದಿನ ಓದಿ, ಹೋದ ವರ್ಷದ್ದನ್ನು ನೆನಪಿಟ್ಟುಕೊಂಡು ಕೂರಬೇಡಿ.

ಮೂರನೇ ಪ್ರಯತ್ನ
ಬಿಟ್ಟದ್ದಕ್ಕೂ ದಂಡವೇ? ಇದು ಯಾವ ನ್ಯಾಯ?

ಬಾರಾಕಮಾನ್
2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆ ನೆನಪಿದೆಯೇ? ಖಾಲಿ ಬಿಟ್ಟ ವೃತ್ತಗಳನ್ನು ಆಮೇಲೆ ಯಾರೋ ತುಂಬಿದರು ಎಂಬುದೇ ಆ ಹಗರಣದ ತಿರುಳು. 2022ರ ಏಪ್ರಿಲ್‌ನಲ್ಲಿ ಇಡೀ ಪರೀಕ್ಷೆ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಹಾಳೆಯಲ್ಲಿ ಖಾಲಿ ಸಾಲೇ ಉಳಿಯದಿದ್ದರೆ ತುಂಬುವವನಿಗೆ ಜಾಗವೆಲ್ಲಿ? ಯಾರೋ ಮಾಡಿದ್ದಕ್ಕೆ ಪ್ರಾಮಾಣಿಕನೂ ಒಂದು ವೃತ್ತ ಹೆಚ್ಚು ತುಂಬಬೇಕಾಗಿದೆ, ಅದು ಬೇರೆ ಮಾತು.

ಸಿಂದಗಿ ಹುಡುಗ
ನಾನು ಬರೆದದ್ದರಲ್ಲಿ ಐದನೇ ವೃತ್ತ ಇರಲಿಲ್ಲ ಅಣ್ಣಾ. ಇದ್ದಿದ್ದರೆ ಏಳೂಕಾಲು ಅಂಕ ಅಲ್ಲಿಯೂ ಹೋಗುತ್ತಿತ್ತು.

ಮುಧೋಳದವ
ಎಲ್ಲರೂ ಲೆಕ್ಕ ಮಾಡುತ್ತಿದ್ದೀರಿ, ಆಯ್ಕೆಗಳನ್ನು ಹೊಡೆದುಹಾಕುವುದು ಹೇಗೆ ಎಂದು ಯಾರೂ ಹೇಳುತ್ತಿಲ್ಲ. ನನ್ನ ಅನುಭವದಲ್ಲಿ ಗೊತ್ತಿಲ್ಲದಿದ್ದರೆ 'ಸಿ' ಹಾಕುವುದು ಒಳ್ಳೆಯದು. ಇಲ್ಲವೇ ಎಲ್ಲಕ್ಕಿಂತ ಉದ್ದದ ಆಯ್ಕೆ.

ಜಮಖಂಡಿ ಮಾಸ್ತರ
'ಸಿ' ಮಾತನ್ನು ಇಂದೇ ಬಿಡು. ಎ, ಬಿ, ಸಿ, ಡಿ ಎಂದು ನಾಲ್ಕು ಸರಣಿಯ ಪುಸ್ತಿಕೆಗಳಿರುತ್ತವೆ, ಪ್ರಶ್ನೆಗಳ ಕ್ರಮ ಕಲಸಿರುತ್ತದೆ. ಯಾವ ಅಕ್ಷರಕ್ಕೂ ವಿಶೇಷ ಪುಣ್ಯವಿಲ್ಲ. ಗೊತ್ತಿಲ್ಲದ್ದಕ್ಕೆಲ್ಲ ಒಂದೇ ಅಕ್ಷರ ಹಾಕಿದರೂ, ಒಂದೊಂದಕ್ಕೆ ಒಂದೊಂದು ಹಾಕಿದರೂ ಸರಾಸರಿ ಅಷ್ಟೇ.

ಉದ್ದದ ಆಯ್ಕೆಯ ಮಾತಿನಲ್ಲಿ ಒಂದು ಚೂರು ಸತ್ಯವಿದೆ. ನಾನೇ ಶಾಲೆಯ ಘಟಕ ಪರೀಕ್ಷೆಗೆ ಪ್ರಶ್ನೆ ತೆಗೆಯುವವನು. ಸರಿ ಉತ್ತರ ಬರೆಯುವಾಗ ಯಾರೂ ತಗಾದೆ ತೆಗೆಯಬಾರದೆಂದು "ಸಾಮಾನ್ಯವಾಗಿ", "ಕೆಲವು ಸಂದರ್ಭಗಳಲ್ಲಿ" ಎಂದು ಸೇರಿಸುತ್ತೇನೆ, ಅದು ಉದ್ದವಾಗುತ್ತದೆ. ಮೂರನೇ ತಪ್ಪು ಆಯ್ಕೆ ಹುಡುಕುವ ಹೊತ್ತಿಗೆ ರಾತ್ರಿ ಹನ್ನೊಂದಾಗಿರುತ್ತದೆ, ಬಾಯಿಗೆ ಬಂದದ್ದನ್ನು ಬರೆದು ಮಲಗುತ್ತೇನೆ. ಹಾಗಾಗಿ ನಾಲ್ಕರಲ್ಲಿ ಒಂದು ಬಹುತೇಕ ಜೊಳ್ಳು. ಆದರೆ ದೊಡ್ಡ ಪರೀಕ್ಷೆಗಳ ಪ್ರಶ್ನೆ ತೆಗೆಯುವವರು ನನ್ನಷ್ಟು ಸೋಮಾರಿಗಳಲ್ಲ, ಇದನ್ನು ನಂಬಿ ಹೊಲ ಮಾರಬೇಡ.

ಅಥಣಿ ಅಕ್ಕ
ಮಾಸ್ತರರು ತಪ್ಪೊಪ್ಪಿಗೆ ಬರೆದುಕೊಟ್ಟಂತಾಯಿತು!

ಕೃಷ್ಣಾ ತೀರ
ಹೊಡೆದುಹಾಕುವುದಕ್ಕೆ ನಮ್ಮೂರಿನದೇ ಉದಾಹರಣೆ ಕೊಡುತ್ತೇನೆ. ಹೊಂದಿಸಿ ಬರೆಯುವ ಪ್ರಶ್ನೆ ಎಂದುಕೊಳ್ಳಿ. ಎಡಕ್ಕೆ ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾಕಮಾನ್, ಗಗನ ಮಹಲ್. ಬಲಕ್ಕೆ ಒಂದನೇ ಅಲಿ ಆದಿಲ್ ಶಾಹ್, ಮೊಹಮ್ಮದ್ ಆದಿಲ್ ಶಾಹ್, ಎರಡನೇ ಇಬ್ರಾಹಿಂ, ಎರಡನೇ ಅಲಿ.

ಗೋಳಗುಮ್ಮಟ ಮೊಹಮ್ಮದನದು ಎಂದು ಯಾರಿಗೂ ಗೊತ್ತು. ಇಬ್ರಾಹಿಂ ರೋಜಾದ ಉತ್ತರ ಅದರ ಹೆಸರಿನಲ್ಲಿಯೇ ಇದೆ. ಈ ಎರಡೇ ಜೋಡಿ ಸಾಕು, ನಾಲ್ಕು ಆಯ್ಕೆಗಳಲ್ಲಿ ಎರಡಾದರೂ ಉದುರಿಬಿಡುತ್ತವೆ. ಉಳಿದದ್ದು ಇಬ್ಬರು ಅಲಿಗಳು. ಇಲ್ಲಿ ತಡಕಾಡುವ ಬದಲು ಯೋಚಿಸಿ. ಬಾರಾಕಮಾನ್ ಅರ್ಧಕ್ಕೆ ನಿಂತ ಸಮಾಧಿ. ಗೋಳಗುಮ್ಮಟವನ್ನು ಮೀರಿಸಬೇಕೆಂದು ಹೊರಟದ್ದು ಎಂಬ ಮಾತನ್ನು ಇಲ್ಲಿ ಟಾಂಗಾದವರೂ ಹೇಳುತ್ತಾರೆ. ಮೀರಿಸಬೇಕಾದರೆ ಗೋಳಗುಮ್ಮಟ ಮೊದಲೇ ಇರಬೇಕು, ಅಂದರೆ ಕಟ್ಟಿಸಿದವನು ಮೊಹಮ್ಮದನ ಅನಂತರದವನು. ಎರಡನೇ ಅಲಿ. ಗಗನ ಮಹಲ್ ತಾನಾಗಿಯೇ ಒಂದನೇ ಅಲಿಗೆ ಹೋಯಿತು. ಇಸವಿ ಒಂದೂ ಬಾಯಿಪಾಠ ಇರಲಿಲ್ಲ, ಗಮನಿಸಿ. ಇದನ್ನು ಊಹೆ ಎನ್ನುತ್ತೀರೋ, ಓದು ಎನ್ನುತ್ತೀರೋ?

ಬಾರಾಕಮಾನ್
ನನ್ನ ಹೆಸರನ್ನೇ ಪ್ರಶ್ನೆಪತ್ರಿಕೆಗೆ ಹಾಕಿದಿರಿ. ಅರ್ಧಕ್ಕೆ ನಿಂತವನು ಎಂಬುದೂ ನಿಜವೇ, ಮುಖ್ಯ ಪರೀಕ್ಷೆ ದಾಟಿಲ್ಲ.

ರೊಟ್ಟಿಬುತ್ತಿ
ಒಂದು ಹೇಳಿಕೆ ಕೊಟ್ಟು ಅದರ ಕಾರಣ ಇದೇ ಹೌದೇ ಎಂದು ಕೇಳುವ ಪ್ರತಿಪಾದನೆ–ಕಾರಣದ ಪ್ರಶ್ನೆಗಳಿಗೆ ನಾನು ಮಾಡುವುದು ಇಷ್ಟೇ: ಎರಡೂ ವಾಕ್ಯಗಳ ನಡುವೆ "ಏಕೆಂದರೆ" ಇಟ್ಟು ಓದುತ್ತೇನೆ. "ಕಪ್ಪು ಮಣ್ಣು ಹತ್ತಿಗೆ ಒಳ್ಳೆಯದು, ಏಕೆಂದರೆ ಅದು ತೇವವನ್ನು ಹಿಡಿದಿಡುತ್ತದೆ." ಸರಾಗವಾಗಿ ಹೋಗುತ್ತದೆ. "ಗೋಳಗುಮ್ಮಟದಲ್ಲಿ ಪಿಸುಮಾತು ಕೇಳಿಸುತ್ತದೆ, ಏಕೆಂದರೆ ಅದನ್ನು ಮೊಹಮ್ಮದ್ ಆದಿಲ್ ಶಾಹ್ ಕಟ್ಟಿಸಿದ." ಎರಡೂ ನಿಜ, ನಡುವಿನ ಗಂಟು ಸುಳ್ಳು. ನಾಲಿಗೆಗೇ ತಿಳಿಯುತ್ತದೆ.

ಮುಧೋಳದವ
ಇದು ಬಹಳ ಚೆನ್ನಾಗಿದೆ ಅಕ್ಕಾ. ಬರೆದಿಟ್ಟುಕೊಂಡೆ.

ಮೂರನೇ ಪ್ರಯತ್ನ
"ಮಾತ್ರ", "ಎಲ್ಲ", "ಎಂದಿಗೂ" ಇರುವ ಹೇಳಿಕೆ ತಪ್ಪು ಎಂದು ಹೊಡೆದುಹಾಕಿ ನಾನು ಸುಟ್ಟುಕೊಂಡಿದ್ದೇನೆ. ಧನ ಮಸೂದೆಯನ್ನು ಲೋಕಸಭೆಯಲ್ಲಿ ಮಾತ್ರ ಮಂಡಿಸಬಹುದು ಎಂಬ ಹೇಳಿಕೆ ಇತ್ತು. "ಮಾತ್ರ" ಕಂಡದ್ದೇ ತಡ, ಗೀಟು ಎಳೆದೆ. ಅದು ಸಂವಿಧಾನದಲ್ಲಿಯೇ ಇರುವ ಮಾತು. ಇಂಥ ಸೂತ್ರಗಳನ್ನು ಹೇಳಿಕೊಡುವವರು ಆಮೇಲೆ ಅಂಕ ತುಂಬಿಕೊಡುವುದಿಲ್ಲ.

ಕೃಷ್ಣಾ ತೀರ
ಒಪ್ಪುತ್ತೇನೆ. ಸಂವಿಧಾನ, ಕಾನೂನು, ಗಣಿತದಲ್ಲಿ ಆ ಸೂತ್ರ ನಡೆಯುವುದಿಲ್ಲ, ಅಲ್ಲಿ "ಮಾತ್ರ" ಎಂದರೆ ನಿಜವಾಗಿಯೂ ಮಾತ್ರ. ಸಮಾಜ, ಆರೋಗ್ಯ, ಪರಿಸರದ ಹೇಳಿಕೆಗಳಲ್ಲಿ ತಕ್ಕಮಟ್ಟಿಗೆ ನಡೆಯುತ್ತದೆ. ಅದೂ ಅಲ್ಲದೆ ಈ ಉಪಾಯಗಳಿಗೂ ಆಯುಷ್ಯವಿದೆ. "1 ಮತ್ತು 2 ಮಾತ್ರ, 2 ಮತ್ತು 3 ಮಾತ್ರ" ಎಂದು ಕೊಡುತ್ತಿದ್ದಾಗ ಒಂದು ಹೇಳಿಕೆ ಗೊತ್ತಿದ್ದರೆ ಎರಡು ಆಯ್ಕೆ ಹಾರಿಹೋಗುತ್ತಿದ್ದವು. 2023ರ ಯುಪಿಎಸ್‌ಸಿ ಪೂರ್ವಭಾವಿಯಲ್ಲಿ ಬಹಳಷ್ಟು ಕಡೆ "ಒಂದು ಮಾತ್ರ, ಎರಡು ಮಾತ್ರ, ಮೂರೂ, ಯಾವುದೂ ಅಲ್ಲ" ಎಂದು ಎಣಿಕೆ ಕೇಳಿದರು. ಒಂದು ಹೇಳಿಕೆಯಲ್ಲಿ ಎಡವಿದರೂ ಇಡೀ ಪ್ರಶ್ನೆ ಹೋಯಿತು.

ಗೋಕಾಕ ನೀರು
ಆಯ್ಕೆ ಹೊಡೆದುಹಾಕುವ ಮಾತು ಬಂತಲ್ಲ, ಹೋದ ತಿಂಗಳು ಒಂದು ಅಣಕು ಪರೀಕ್ಷೆಯಲ್ಲಿ "ಕರದಂಟಿಗೆ ಹೆಸರಾದ ಊರು ಯಾವುದು?" ಎಂದು ಕೇಳಿದ್ದರು. ಧಾರವಾಡ, ಬೆಳಗಾವಿ, ಗೋಕಾಕ, ಅಮೀನಗಡ. ಪೇಡೆ ಎಂದು ಧಾರವಾಡ ಹೋಯಿತು, ಕುಂದಾ ಎಂದು ಬೆಳಗಾವಿ ಹೋಯಿತು. ಉಳಿದ ಎರಡರಲ್ಲಿ ಸರಿ ಉತ್ತರವನ್ನೇ ಕೊಟ್ಟಿದ್ದರು: ಗೋಕಾಕ.

ಅಮೀನಗಡದ ಅಳಿಯ
ಅದು ಪ್ರಶ್ನೆಯೇ ತಪ್ಪು. ಅಮೀನಗಡದ ಕರದಂಟು ತಿನ್ನದವರು ಕೂತು ತೆಗೆದ ಪ್ರಶ್ನೆ. ಆಕ್ಷೇಪಣೆ ಸಲ್ಲಿಸಬೇಕಿತ್ತು.

ಗೋಕಾಕ ನೀರು
ಆಕ್ಷೇಪಣೆಗೆ ದಾಖಲೆ ಲಗತ್ತಿಸಬೇಕು ಅಳಿಯಂದಿರೇ. ಒಂದು ಕಿಲೋ ಕಳಿಸಿ, ಪರಿಶೀಲಿಸುತ್ತೇವೆ.

ಅಮೀನಗಡದ ಅಳಿಯ
ಮಾವನವರನ್ನು ಕೇಳಿ ಹೇಳುತ್ತೇನೆ. ನಗೆ ಒಂದು ಕಡೆ ಇರಲಿ, ಕೀ ಉತ್ತರ, ಅಂದರೆ ಸರಿ ಉತ್ತರಗಳ ಪಟ್ಟಿ ಬಂದಾಗ ಆಕ್ಷೇಪಣೆ ಸಲ್ಲಿಸುವುದನ್ನು ನಮ್ಮ ಹುಡುಗರು ತಾತ್ಸಾರ ಮಾಡುತ್ತಾರೆ. ಪಠ್ಯಪುಸ್ತಕದ ಪುಟವನ್ನೋ ಸರ್ಕಾರಿ ಪ್ರಕಟಣೆಯನ್ನೋ ಲಗತ್ತಿಸಿ ಅವಧಿಯೊಳಗೆ ಕೊಟ್ಟರೆ ಅಂತಿಮ ಕೀ ಬದಲಾಗುವುದುಂಟು. ಒಂದೂಕಾಲು ಅಂಕದಲ್ಲಿ ಹೋದವನಿಗೆ ಎರಡು ಪ್ರಶ್ನೆ ಎಂದರೆ ನೌಕರಿ.

ರೊಟ್ಟಿಬುತ್ತಿ
ಕನ್ನಡ ಅನುವಾದದ ಮಾತನ್ನೂ ಸೇರಿಸಿ. 2024ರ ಆಗಸ್ಟ್‌ನ ಕೆಎಎಸ್ ಪೂರ್ವಭಾವಿಯಲ್ಲಿ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಸರ್ಕಾರವೇ ಮರುಪರೀಕ್ಷೆಗೆ ಹೇಳಬೇಕಾಯಿತು. ಡಿಸೆಂಬರ್ 29ರಂದು ಮತ್ತೆ ಬರೆದೆವು, ಮತ್ತೆ ಅದೇ ದೂರು. ಕನ್ನಡ ವಾಕ್ಯ ಓದಿ ತಲೆ ತಿರುಗಿದರೆ ಕೆಳಗಿನ ಇಂಗ್ಲಿಷ್ ಓದುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿದವಳು ಕನ್ನಡ ಪ್ರಶ್ನೆಯ ಅರ್ಥವನ್ನು ಇಂಗ್ಲಿಷಿನಲ್ಲಿ ಹುಡುಕಬೇಕಾಗಿದೆ. ಎರಡನ್ನೂ ಓದುವವಳಿಗೆ ಹೋಗುವ ಸಮಯವನ್ನು ಯಾರು ಕೊಡುತ್ತಾರೆ?

ಮುಧೋಳದವ
ಇನ್ನೊಂದು ಅನುಮಾನ. ಮೊದಲು ಹೊಳೆದ ಉತ್ತರವೇ ಸರಿ, ಬದಲಿಸಬಾರದು ಎನ್ನುತ್ತಾರಲ್ಲ?

ಜಮಖಂಡಿ ಮಾಸ್ತರ
ಎಲ್ಲರೂ ಎನ್ನುತ್ತಾರೆ, ಆದರೆ ಎಣಿಸಿ ನೋಡಿದವರು ಬೇರೆಯದನ್ನೇ ಕಂಡಿದ್ದಾರೆ. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 1,561 ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ರಬ್ಬರಿನಿಂದ ಅಳಿಸಿದ ಗುರುತುಗಳನ್ನು ಲೆಕ್ಕ ಹಾಕಿದರು. ಬದಲಿಸಿದ್ದರಲ್ಲಿ ಅರ್ಧದಷ್ಟು ತಪ್ಪಿನಿಂದ ಸರಿಗೆ ಹೋಗಿದ್ದವು. ಸರಿಯಿಂದ ತಪ್ಪಿಗೆ ಹೋದದ್ದು ಕಾಲುಭಾಗ. ಉಳಿದವು ತಪ್ಪಿನಿಂದ ಇನ್ನೊಂದು ತಪ್ಪಿಗೆ. ಆದರೆ ಸರಿಯಿದ್ದದ್ದನ್ನು ಕೈಯಾರೆ ಕೆಡಿಸಿಕೊಂಡ ನೋವು ವರ್ಷಗಟ್ಟಲೆ ಉಳಿಯುತ್ತದೆ, ತಪ್ಪನ್ನು ತಿದ್ದಿಕೊಂಡದ್ದು ಮನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ. ಅದಕ್ಕೇ ಈ ಮಾತು ಸಾಯುವುದಿಲ್ಲ.

ಮೂರನೇ ಪ್ರಯತ್ನ
ಅಮೆರಿಕದವರ ಬಳಿ ರಬ್ಬರ್ ಇತ್ತು ಗುರುಗಳೇ. ನಮ್ಮ ಕೈಯಲ್ಲಿ ಬಾಲ್ ಪೆನ್. ತುಂಬಿದ ವೃತ್ತವನ್ನು ಅಳಿಸುವುದು ಹೇಗೆ? ಎರಡು ತುಂಬಿದರೆ ಅದೂ ತಪ್ಪೇ.

ಜಮಖಂಡಿ ಮಾಸ್ತರ
ಭಲೇ. ಈ ಒಂದು ಮಾತಿನಲ್ಲಿ ನೀನು ಗೆದ್ದೆ. ಹಾಗಾದರೆ ಬದಲಿಸುವುದೆಲ್ಲ ಪುಸ್ತಿಕೆಯಲ್ಲಿಯೇ ಮುಗಿಯಬೇಕು. ಓಎಂಆರ್‌ಗೆ ಹೋಗುವಾಗ ಮನಸ್ಸು ಗಟ್ಟಿಯಾಗಿರಬೇಕು.

ಅಥಣಿ ಅಕ್ಕ
ಪುಸ್ತಿಕೆಯಲ್ಲಿಯೇ ಎಲ್ಲ ಮುಗಿಸಿ ಕೊನೆಗೆ ತುಂಬುತ್ತೇನೆ ಎಂದು ಕೂತು ನನ್ನ ತಮ್ಮ ಕೊನೆಯ ಹತ್ತು ನಿಮಿಷದಲ್ಲಿ ನೂರು ವೃತ್ತ ತುಂಬಲು ಹೋದ. ಕೈಗಡಿಯಾರ ಒಳಗೆ ಬಿಟ್ಟಿರಲಿಲ್ಲ, ಗಂಟೆಯ ಸದ್ದೇ ಗತಿ. ಪ್ರಶ್ನೆ 37 ಬಿಟ್ಟಿದ್ದನ್ನು ಮರೆತು 38ರ ಉತ್ತರವನ್ನು 37ರ ಸಾಲಿಗೆ ತುಂಬಿದ. ಅಲ್ಲಿಂದ ಮುಂದೆ ಎಲ್ಲವೂ ಒಂದೊಂದು ಸಾಲು ಮೇಲೆ. ಗೊತ್ತಾದದ್ದು 61ಕ್ಕೆ ಬಂದಾಗ. ಇಪ್ಪತ್ತನಾಲ್ಕು ಉತ್ತರಗಳು ಬೇರೆಯವರ ಮನೆಯಲ್ಲಿ ಉಂಡು ಮಲಗಿದ್ದವು. ಒಂದು ಪುಟದ ಪ್ರಶ್ನೆ ಮುಗಿದ ಕೂಡಲೇ ಆ ಪುಟದ ವೃತ್ತಗಳನ್ನು ತುಂಬಿ, ಕ್ರಮಸಂಖ್ಯೆಯ ಮೇಲೆ ಬೆರಳಿಟ್ಟುಕೊಳ್ಳಿ.

ಬಾರಾಕಮಾನ್
ಮಾಸ್ತರರ ಲೆಕ್ಕಕ್ಕೆ ಒಂದು ತಕರಾರು ಉಳಿದಿದೆ. ಸರಾಸರಿಯ ಮಾತು ಸಾವಿರ ಸಲ ಬರೆಯುವವನಿಗೆ. ಹುಡುಗ ಬರೆಯುವುದು ಒಂದು ಸಲ. ನಲವತ್ತು ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಹಾಕಿ ನಷ್ಟಕ್ಕೆ ಬಿದ್ದರೆ?

ಜಮಖಂಡಿ ಮಾಸ್ತರ
ಬೀಳಬಹುದು. ನಲವತ್ತರಲ್ಲಿ ಎಂಟು ಸರಿಯಾದರೆ ಬಂದದ್ದಕ್ಕೂ ಹೋದದ್ದಕ್ಕೂ ಸರಿಸಮ. ಹತ್ತು ಸರಿಯಾಗುವುದು ಸರಾಸರಿ, ಆಗ ಎರಡೂವರೆ ಲಾಭ. ಎಂಟಕ್ಕಿಂತ ಕಡಿಮೆ ಬಂದು ಕೈ ಸುಟ್ಟುಕೊಳ್ಳುವವರು ಐದಾರು ಜನರಲ್ಲಿ ಒಬ್ಬರು. ಅಷ್ಟು ಅಪಾಯಕ್ಕೆ ಎರಡೂವರೆ ಅಂಕ ಸಾಕೇ ಎಂಬುದು ಅವರವರಿಗೆ ಬಿಟ್ಟದ್ದು, ನಾನು ನಲವತ್ತು ಹಾಕು ಎನ್ನಲಾರೆ. ಆದರೆ ಎರಡು ಆಯ್ಕೆ ಹೊಡೆದುಹಾಕಿದ ಹನ್ನೆರಡನ್ನು ಬಿಟ್ಟು ಬರುವುದು ಕಟಾವು ಮಾಡಿದ ಕಬ್ಬನ್ನು ಹೊಲದಲ್ಲಿ ಬಿಟ್ಟಂತೆ. ಹುಡುಗಾ, ಪುಸ್ತಿಕೆ ಇದೆಯೇ? ಆ ಚುಕ್ಕಿಗಳನ್ನು ಅಂತಿಮ ಕೀಯೊಂದಿಗೆ ತಾಳೆ ನೋಡು. ಗುರುತು ಹಾಕಿದ 71ರಲ್ಲಿ ಎಷ್ಟು ತಪ್ಪಿವೆ, ಏಕೆ ತಪ್ಪಿವೆ ಎಂದೂ ನೋಡು.

ಸಿಂದಗಿ ಹುಡುಗ
ಎರಡು ದಿನ ಪುಸ್ತಿಕೆ ತೆರೆಯುವ ಮನಸ್ಸಾಗಲಿಲ್ಲ. ಇಂದು ಬೆಳಿಗ್ಗೆ ನೋಡಿದೆ. ಚುಕ್ಕಿ ಇಟ್ಟ 12ರಲ್ಲಿ 7 ಸರಿ, 5 ತಪ್ಪು. ಕಡಿತ ಕಳೆದು ಐದೂಮುಕ್ಕಾಲು ಅಂಕ ಆ ಪುಸ್ತಿಕೆಯಲ್ಲಿಯೇ ಕೂತಿದೆ.

ಗುರುತು ಹಾಕಿದ 71ರಲ್ಲಿ 9 ತಪ್ಪು. ಅದರಲ್ಲಿ ಮೂರು ನನಗೆ ಗೊತ್ತಿದ್ದ ಪ್ರಶ್ನೆಗಳು. "ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ" ಎಂದಿದೆ, ನಾನು ಸರಿಯಾದ ಹೇಳಿಕೆಗೆ ಗುರುತು ಹಾಕಿ ಖುಷಿಯಿಂದ ಮುಂದೆ ಹೋಗಿದ್ದೇನೆ. ಬರಬೇಕಾದ ಮೂರು ಹೋದವು, ಮೇಲೆ ಮುಕ್ಕಾಲು ದಂಡ. ಆ ಮೂರರಲ್ಲಿ ಒಂದು ಆಲಮಟ್ಟಿ ಅಣೆಕಟ್ಟೆಯ ಬಗ್ಗೆ. ನಮ್ಮ ಅಜ್ಜಿಯ ಊರು ಅದರ ಹಿನ್ನೀರಿನಲ್ಲಿ ಮುಳುಗಿದೆ.

ರೊಟ್ಟಿಬುತ್ತಿ
ಅಯ್ಯೋ ತಮ್ಮಾ. ಮುಂದಿನ ಸಲ "ಅಲ್ಲ" ಕಂಡ ಕಡೆಯೆಲ್ಲ ಸುತ್ತು ಹಾಕು. ನಾನು ಪ್ರತಿ ಆಯ್ಕೆಯ ಮುಂದೆ "ಸ", "ತ" ಎಂದು ಬರೆದುಕೊಂಡು ಆಮೇಲೆ ಪ್ರಶ್ನೆಯನ್ನು ಇನ್ನೊಮ್ಮೆ ಓದುತ್ತೇನೆ.

ಮೂರನೇ ಪ್ರಯತ್ನ
ಐದೂಮುಕ್ಕಾಲೇ? ಹಾಗಾದರೆ ನನ್ನ ಹಳೆಯ ಪುಸ್ತಿಕೆಗಳನ್ನೂ ಅಟ್ಟದಿಂದ ಇಳಿಸಬೇಕು. ಓಸಿಯ ಮಾತನ್ನು ಸದ್ಯಕ್ಕೆ ಹಿಂದಕ್ಕೆ ಪಡೆಯುತ್ತೇನೆ, ಪೂರ್ತಿಯಾಗಿ ಅಲ್ಲ.

ಸಿಂದಗಿ ಹುಡುಗ
ಭಾನುವಾರ ಇನ್ನೊಂದು ಪರೀಕ್ಷೆ ಇದೆ, ಕೇಂದ್ರ ಬಾಗಲಕೋಟೆಯಲ್ಲಿ. ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ. ಸೂಚನೆಯಲ್ಲಿ ಐದನೇ ವೃತ್ತ ಇದೆ.

ಅಮೀನಗಡದ ಅಳಿಯ
ಬಾಗಲಕೋಟೆಗೆ ಬರುತ್ತೀಯಾದರೆ ಪರೀಕ್ಷೆ ಮುಗಿಸಿ ಇಲ್ಲಿ ಒಂದು ಸಾಲು ಬರೆ. ಗೋಕಾಕದವರಿಗೆ ಕಳಿಸಬೇಕಾದ ದಾಖಲೆಯನ್ನು ನಿನ್ನ ಕೈಯಲ್ಲಿಯೇ ಕೊಟ್ಟು ಕಳಿಸುತ್ತೇನೆ.